ಒಪ್ಪೋಲೆಯಲ್ಲಿ ಒಂದು ಪದ

ಅಚ್ಚಿನ ಮನೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು. ಹೆಸರು ಸರ್ವಮಂಗಳ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುವ ಜಾತಿ. ಹೋಟೆಲಿನ ಗೋಡೆಯ ಮೇಲೆ 'ಬಿಸಿ ಬಿಸಿ ರೊಟಿ' ಎಂದು ಬರೆದಿದ್ದರೆ ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಚ್ಚಿನ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಈ ಚಟವನ್ನು ಕಟ್ಟಿಕೊಂಡು ಏನು ಮಾಡುವುದೆಂದು ಕೂತಿದ್ದಾಗ, ಐವತ್ತೆಂಟನೆಯ ವಯಸ್ಸಿನಲ್ಲಿ, ತುಮಕೂರಿನ ಒಂದು ಪ್ರಯೋಗಾಲಯದವರು ಮನೆಗೇ ಬಂದು ಕರೆದರು. ಯಂತ್ರಕ್ಕೆ ಒತ್ತಕ್ಷರ ಕಲಿಸಬೇಕಾಗಿತ್ತಂತೆ.

ಆ ಹೊತ್ತಿಗೆ ಆರರಿಂದ ಎಂಟನೆಯ ತರಗತಿವರೆಗಿನ ಪ್ರತಿ ಮಗುವಿನ ಕೈಗೂ ಹಲಗೆ ಬಂದಿತ್ತು. ಹಲಗೆ ಎಂದರೆ ಹಳೆಯ ಸ್ಲೇಟಿನಷ್ಟೇ ದೊಡ್ಡ, ಬೆರಳಿನಿಂದ ಬರೆಯುವ ಗಾಜಿನ ಪಾಟಿ. ಶಾಲೆ ಬಿಡುವ ಮುಂಚಿನ ಹತ್ತು ನಿಮಿಷ ಮಕ್ಕಳು ಅದರಲ್ಲಿ ಆ ದಿನದ ಬಗ್ಗೆ ಒಂದೆರಡು ಸಾಲು ಬರೆಯಬೇಕು. ಅದಕ್ಕೆ ಸಂಜೆಸಾಲು ಎಂದು ಹೆಸರು. ಹಲಗೆಯೊಳಗಿನ 'ಆಲಿಸು' ಎಂಬ ಯಂತ್ರಬುದ್ಧಿ ಅದನ್ನು ಓದಿ, ಮಗುವನ್ನು ಒಂದು ಪ್ರಶ್ನೆ ಕೇಳಿ, ಉತ್ತರ ಪಡೆದು, ನಮ್ಮ ಪ್ರಯೋಗಾಲಯದ ದೀಪದ ಗೋಡೆಯ ಮೇಲೆ ಆ ಮಗುವಿನ ಹೆಸರಿನಲ್ಲಿ ಒಂದು ದೀಪ ಹಚ್ಚುತ್ತಿತ್ತು. ಮಗು ನೆಮ್ಮದಿಯಾಗಿದ್ದರೆ ಹಸಿರು, ಗಮನಿಸಬೇಕೆಂದರೆ ಹಳದಿ, ಇವತ್ತೇ ಯಾರಾದರೂ ಮಾತಾಡಿಸಬೇಕೆಂದರೆ ಕೆಂಪು. ಹನ್ನೊಂದು ಹನ್ನೆರಡರ ಮಕ್ಕಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಬರೆದಾದರೂ ಹೇಳಲಿ ಎಂಬ ಯೋಚನೆ. ಕೆಟ್ಟ ಯೋಚನೆಯೇನಲ್ಲ, ಈಗಲೂ ಹಾಗೇ ಅನ್ನುತ್ತೇನೆ.

ತೊಂದರೆ ಬಂದದ್ದು ಓದು ಬರಹದ ತೊಡಕಿರುವ ಮಕ್ಕಳದ್ದು. ಕೆಲವು ಮಕ್ಕಳ ಕಣ್ಣಿಗೆ ಅಕ್ಷರದ ಕೆಳಗೆ ತೂಗುವ ಒತ್ತು ನಿಲ್ಲುವುದೇ ಇಲ್ಲ. ಅವರ ಕೈಯಲ್ಲಿ ಅಮ್ಮ 'ಅಮ' ಆಗುತ್ತಾಳೆ, ಅಪ್ಪ 'ಅಪ' ಆಗುತ್ತಾನೆ, ಬೆಕ್ಕು 'ಬೆಕು' ಆಗಿ ಓಡಿಹೋಗುತ್ತದೆ. ಆಲಿಸುವಿಗೆ ಇದು ಅರ್ಥವಾಗುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಆಸರೆ ಬೇಕಾದ ಮಕ್ಕಳ ದೀಪವೇ ಹೊತ್ತುತ್ತಿರಲಿಲ್ಲ. ಹಾಗಾಗಿ ಆ ಮಕ್ಕಳು ಬರೆದದ್ದಕ್ಕೆ ಮೊದಲು ಒತ್ತು ತುಂಬಿ, ಆಮೇಲೆ ಆಲಿಸುವಿಗೆ ಓದಿಸುವ ಏರ್ಪಾಟು ಬೇಕಾಯಿತು. ಆ ಏರ್ಪಾಟಿನ ನಿಯಮಗಳನ್ನು ಬರೆದವಳು ನಾನು.

ನನ್ನ ಜೊತೆ ಸುಮುಖ ಎಂಬ ಇಂಜಿನಿಯರ್ ಇದ್ದ. ಬುದ್ಧಿವಂತ, ಆದರೆ ಕನ್ನಡ ಬರೆಯುವಾಗ ಅಲ್ಪಪ್ರಾಣ ಮಹಾಪ್ರಾಣ ಎರಡನ್ನೂ ಹಿಂಡುತ್ತಿದ್ದ. ನಾನು ನಿಯಮ ಹೇಳಬೇಕು, ಅವನು ಯಂತ್ರಕ್ಕೆ ಉಣಿಸಬೇಕು. ಮೊದಲ ವಾರ 'ಮೇಷ್ಟರು ಕತೆ ಹೇಳಿದರು' ಎಂದು ಮಗು ಸರಿಯಾಗಿಯೇ ಬರೆದದ್ದನ್ನು ಯಂತ್ರ 'ಮೇಷ್ಟರು ಕತ್ತೆ ಹೇಳಿದರು' ಎಂದು ತಿದ್ದಿ ಪ್ರಯೋಗಾಲಯವೆಲ್ಲ ನಕ್ಕಿತು. ಅದನ್ನು ಸರಿಪಡಿಸಿದೆವು. ಹೀಗೆ ಒಂದೊಂದೇ ಪದ ಹಿಡಿದು ಹೋಗುವಾಗ 'ಅತೆ' ಬಂತು.

ಒತ್ತು ತುಂಬಿದರೆ ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕನೋ ತಂಗಿಯೋ. ಆದರೆ 'ನಾನು ಅತ್ತೆ' ಎನ್ನುವಾಗ ಕಣ್ಣೀರು ಹಾಕಿದ ಅತ್ತೆಯೂ ಅದೇ. ಎರಡಕ್ಕೂ ಅವೇ ಅಕ್ಷರ, ಅದೇ ಉಚ್ಚಾರ. ಹನ್ನೆರಡು ಸಾವಿರ ಶಾಲಾ ಪ್ರಬಂಧಗಳನ್ನು ಯಂತ್ರಕ್ಕೆ ಓದಿಸಿ ಎಣಿಸಿದೆವು. 'ನನ್ನ ಕುಟುಂಬ', 'ನಾನು ಕಳೆದ ಬೇಸಿಗೆ ರಜೆ', 'ನಮ್ಮ ಮನೆಯ ಹಬ್ಬ'. ಎಲ್ಲದರಲ್ಲೂ ಅತ್ತೆ ಬರುತ್ತಾರೆ, ಹೋಗುತ್ತಾರೆ, ಬಟ್ಟೆ ತರುತ್ತಾರೆ. ಅಳುವ ಅತ್ತೆ ಸಿಕ್ಕಿದ್ದು ಎರಡೇ ಕಡೆ. ಹಾಗಾದರೆ ಬೇರೆ ಸುಳಿವು ಇಲ್ಲದ ಕಡೆ ಬಂಧು ಎಂದೇ ಹಿಡಿ ಎಂದು ನಿಯಮ ಬರೆದೆ.

ಇನ್ನೊಂದು ನಿಯಮಕ್ಕೂ ನಾನೇ ಹಟ ಹಿಡಿದಿದ್ದೆ. ಹಿಂದೆ ಪುಸ್ತಕದ ಕೊನೆಯಲ್ಲಿ ಒಪ್ಪೋಲೆ ಎಂದು ಒಂದು ಹಾಳೆ ಇರುತ್ತಿತ್ತು. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗೆ ತಪ್ಪಾಗಿದೆ, ಹೀಗೆ ಓದಿಕೊಳ್ಳಿ ಎಂದು ಓದುಗರಿಗೆ ತಿಳಿಸುವ ಹಾಳೆ. ನಮ್ಮ ಯಂತ್ರ ತಪ್ಪು ಓದಿದ್ದು ಗೊತ್ತಾದರೆ, ಆ ತಪ್ಪಿನಿಂದ ಯಾರಿಗೆಲ್ಲ ಪತ್ರ ಹೋಗಿತ್ತೋ ಅವರಿಗೆಲ್ಲ ಒಪ್ಪೋಲೆ ಹೋಗಲೇಬೇಕು, ಯಾರೂ ತಡೆಯುವಂತಿರಬಾರದು ಎಂದೆ. ಸುಮುಖ, "ಇಷ್ಟೆಲ್ಲ ಯಾಕೆ ಮೇಡಂ?" ಎಂದ. ಒಪ್ಪೋಲೆ ಇಲ್ಲದ ಪುಸ್ತಕವನ್ನು ನಾನು ನಂಬುವುದಿಲ್ಲ ಎಂದೆ. ಹೇಳುವಾಗ ಎಷ್ಟು ಬೀಗಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

*

ಜೂನ್‌ನಲ್ಲಿ ಶುರುವಾದದ್ದು, ಫೆಬ್ರುವರಿಯಲ್ಲಿ ಮರುಪರಿಶೀಲನೆಗೆ ಕೂತೆ. ಮಕ್ಕಳು ಬೆರಳಿನಿಂದ ಬರೆದ ಮೂಲ ಒಂದು ಕಡೆ, ಯಂತ್ರ ತಿದ್ದಿದ್ದು ಇನ್ನೊಂದು ಕಡೆ. ತಿಪಟೂರಿನ ಒಂದು ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳ ಹೆಸರು ನೋಡಿ ಮೊದಲು ಹೆಸರಿಟ್ಟವರ ಮೇಲೆ ಸಿಟ್ಟು ಬಂತು. ಜ್ಯೋತ್ಸ್ನಾ! ತ ಅಕ್ಷರದ ಕೆಳಗೆ ಸ, ಅದರ ಕೆಳಗೆ ನ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವರೇ ಬೆವರು ಒರೆಸಿಕೊಳ್ಳುತ್ತಿದ್ದ ಹೆಸರು. ಒತ್ತು ಕಾಣದ ಕೂಸಿಗೆ ಅದನ್ನೇ ಕಟ್ಟಿದ್ದಾರೆ. ಅವಳು ಪ್ರತಿ ದಿನ ತನ್ನ ಹೆಸರನ್ನು 'ಜೋಸನ' ಎಂದು ಬರೆದಿದ್ದಳು.

ಅವಳ ದೀಪ ಎಂಟು ತಿಂಗಳಿಂದ ಒಂದು ದಿನವೂ ತಪ್ಪದೆ ಹಸಿರು. ಆಲಿಸು ಟಿಪ್ಪಣಿ ಹಾಕಿತ್ತು: ಮಗುವಿಗೆ ಅತ್ತೆಯ ಮೇಲೆ ಬಹಳ ಪ್ರೀತಿ, ದಿನವೂ ನೆನೆಯುತ್ತಾಳೆ. ಮಗು ಹೆಚ್ಚು ನೆನೆಯುವ ಹಿರಿಯರನ್ನು 'ಆಪ್ತ ಹಿರಿಯರು' ಎಂದು ಗುರುತಿಸಿ ಮನೆಗೆ ಅಭಿನಂದನೆಯ ಪತ್ರ ಕಳಿಸುವ ಪದ್ಧತಿಯಿತ್ತು. ಆಗಸ್ಟ್‌ನಲ್ಲಿ ಅತ್ತೆ ಹೇಮಾವತಿಯವರಿಗೆ ಆ ಪತ್ರ ಹೋಗಿತ್ತು. ಅದರ ಕೆಳಗೆ ಶಾಲೆಯವರ ಒಂದು ಸಾಲು: 'ತಾಯಿ ಇಲ್ಲ. ತಂದೆ ಹೊರರಾಜ್ಯದಲ್ಲಿ. ವಸತಿ ಶಾಲೆಗೆ ಕಳಿಸಲು ಅತ್ತೆ ಹಾಕಿದ್ದ ಅರ್ಜಿಯನ್ನು ಪತ್ರ ಬಂದ ಮೇಲೆ ಹಿಂಪಡೆದಿದ್ದಾರೆ.' ಓದಿ ಖುಷಿಯಾಯಿತು. ನಮ್ಮ ಯಂತ್ರ ಒಂದು ಮನೆ ಉಳಿಸಿತಲ್ಲ ಎಂದುಕೊಂಡೆ.

ಮುಂದಿನ ಸಾಲಿಗೆ ಬಂದೆ. ಯಂತ್ರ ತಿದ್ದಿದ್ದು: 'ನನ್ನ ಅತ್ತೆ'. ಮಗು ಬರೆದದ್ದು: 'ನಾನು ಅತೆ'.

ಕರಡು ತಿದ್ದುವವರಿಗೆ ಬರೆದವರ ಕೈ ಗೊತ್ತಾಗುತ್ತದೆ. ಕೆಲವರು ಇಲ್ಲದ್ದನ್ನು ಸೇರಿಸುತ್ತಾರೆ, ಕೆಲವರು ಇರುವುದನ್ನು ಬಿಡುತ್ತಾರೆ. ಇವಳದು ಬಿಡುವ ಕೈ. ಎಂಟು ತಿಂಗಳಲ್ಲಿ ಒಂದೇ ಒಂದು ದೀರ್ಘವನ್ನೂ ಕೊಂಬನ್ನೂ ತಾನಾಗಿ ಸೇರಿಸಿದವಳಲ್ಲ. 'ನನ್ನ' ಎನ್ನಬೇಕಾಗಿದ್ದರೆ 'ನನ' ಎಂದು ಬರೆಯುತ್ತಿದ್ದಳೇ ಹೊರತು 'ನಾನು' ಎಂದು ಬರೆಯುತ್ತಿರಲಿಲ್ಲ. ಅವಳು ನಾನು ಎಂದೇ ಬರೆದಿದ್ದಾಳೆ.

ಜೂನ್‌ನಿಂದ ಮತ್ತೆ ಓದಿದೆ, ಯಂತ್ರದ್ದನ್ನು ಮುಚ್ಚಿ, ಬರೀ ಅವಳ ಬೆರಳಿನದ್ದನ್ನು. ಅವಳು ಪೂರ್ಣವಿರಾಮವನ್ನೂ ಇಡುವವಳಲ್ಲ.

'ಪದ ಓದಿಸಿದರು ಅತೆ'. ಅತ್ತೆ ಪದ್ಯ ಓದಿಸಿದರು ಎಂದು ಯಂತ್ರ ಸಂತೋಷಪಟ್ಟಿತ್ತು.

'ಎಲರೂ ನಕರು ಅತೆ'. ಎಲ್ಲರೂ ನಕ್ಕರು, ಅತ್ತೆಯೂ ಕೂಡ ಎಂದುಕೊಂಡಿತ್ತು.

'ಊಟಕೆ ಬಿಟಾಗ ಅತೆ'. ಅತ್ತೆ ಊಟ ತಂದಿರಬೇಕು.

'ಬಸಲಿ ಅತೆ'. 'ಅಮನ ಸೀರೆ ಕಲರ್ ಮರೆತೋಯತು ಅತೆ'.

ನೂರ ನಲವತ್ತಮೂರು ದಿನ. ಪ್ರತಿ ದಿನವೂ ಆಲಿಸು ಅಕ್ಕರೆಯಿಂದ ಒಂದು ಪ್ರಶ್ನೆ ಕೇಳಿತ್ತು: 'ಅತ್ತೆ ಇವತ್ತು ಏನು ತಿಂಡಿ ಮಾಡಿದ್ದರು?' ಅವಳು ಉತ್ತರ ಕೊಟ್ಟಿದ್ದಳು. 'ಚಿತಾನ', 'ಉಪಿಟು', 'ರೊಟಿ'.

ನಾನು ಫರ್ಜಾನಾಳನ್ನು ಕರೆದೆ. ಮೊದಲು ಸ್ಕೂಟರಿನಲ್ಲಿ ಹಳ್ಳಿಹಳ್ಳಿ ಸುತ್ತಿ ಇಂಥ ಮಕ್ಕಳಿಗೆ ಪಾಠ ಹೇಳುತ್ತಿದ್ದ ವಿಶೇಷ ಶಿಕ್ಷಕಿ ಅವಳು. ಹಲಗೆ ಬಂದ ಮೇಲೆ ಸ್ಕೂಟರ್ ಬಿಡಿಸಿ, ದೀಪದ ಗೋಡೆಯ ಮುಂದೆ ಕೂರಿಸಿ, ಕೆಂಪು ಹತ್ತಿದ ಮಕ್ಕಳನ್ನು ಮಾತಾಡಿಸುವ ಕೆಲಸ ಕೊಟ್ಟಿದ್ದರು. ಪರದೆಯ ಸಾಲುಗಳನ್ನು ಅವಳು ಮೇಲಿನಿಂದ ಕೆಳಗೆ ಓದಿದಳು.

"ಪ್ರಬಂಧ ನೋಡಿ ಎಣಿಸಿದ್ರಾ ಮೇಡಂ?"

"ಹನ್ನೆರಡು ಸಾವಿರ ಪ್ರಬಂಧ."

"ಪ್ರಬಂಧದಲ್ಲಿ ಯಾವ ಮಗು ಅಳುತ್ತೆ? ಅತ್ತೆ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?"

ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಇಂಥ ಮಾತು ಯಾರೂ ಆಡಿರಲಿಲ್ಲ. ಆಡಬೇಕಾದವಳೇ ಆಡಿದಳು.

*

ನಿಯಮ ತಿದ್ದುವ ಮೊದಲು ಮಗುವನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಭಾನುವಾರ ತಿಪಟೂರಿನ ಬಸ್ಸು ಹತ್ತಿದೆ.

ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೇಮಾವತಿಗೆ ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ, ಮನೆಗೆ ಬಂದು ಅಂಗಡಿಗಳಿಗೆ ಕೊಬ್ಬರಿ ಮಿಠಾಯಿ ಮಾಡುವ ಕೆಲಸ. ನಾನು ಎಲ್ಲಿಂದ ಬಂದೆ ಎಂದು ಹೇಳಿದ್ದೇ ತಡ, ಸೆರಗಿನಿಂದ ಕುರ್ಚಿ ಒರೆಸಿದಳು.

"ಕಾಗದ ಕಳಿಸಿದ್ ಆಫೀಸ್ನೋರಾ? ಅಯ್ಯೋ ಬನ್ನಿ ಬನ್ನಿ, ಕೂತ್ಕೊಳ್ಳಿ. ಅಲ್ನೋಡಿ, ಕಟ್ ಹಾಕಿಸಿದ್ದೀನಿ."

ದೇವರ ಪಟದ ಪಕ್ಕದಲ್ಲಿ, ಗಾಜಿನ ಚೌಕಟ್ಟಿನಲ್ಲಿ ನಮ್ಮ ಪತ್ರ. 'ಮಗು ಜ್ಯೋತ್ಸ್ನಾಳ ಸಂಜೆಸಾಲುಗಳಲ್ಲಿ ಈವರೆಗೆ ನಲವತ್ತೊಂದು ಬಾರಿ ತಮ್ಮ ನೆನಪು ಬಂದಿದೆ.' ನಾನು ತಿದ್ದಿದ್ದ ಪತ್ರವೇ. ಒಂದು ಅಕ್ಷರವೂ ತಪ್ಪಿರಲಿಲ್ಲ.

"ನಿಜ ಹೇಳ್ತೀನಿ ಮೇಡಂ, ನಂಗೆ ಮಕ್ಕಳ್ನ ಸಾಕಿ ಅಭ್ಯಾಸ ಇಲ್ಲ," ಎಂದಳು ಕಾಫಿ ಕೊಡುತ್ತ. "ಅತ್ತಿಗೆ ಹೋದ್ಮೇಲೆ ನಮ್ಮಣ್ಣ ಇವಳ್ನ ತಂದು ಇಲ್ಲಿ ಬಿಟ್ಟು ಬೋರ್‌ವೆಲ್ ಲಾರಿ ಹತ್ಕೊಂಡು ಹೋದ. ಇವಳೋ, ಬಾಯೇ ಬಿಡಲ್ಲ. ಹಾಕಿದ್ದು ತಿಂತಾಳೆ, ಮೂಲೆ ಸೇರ್ತಾಳೆ. ನನ್ ಕಂಡ್ರೆ ಆಗಲ್ವೇನೋ, ನಾನ್ಯಾಕೆ ಕಟ್ಕೊಂಡು ಒದ್ದಾಡ್ಲಿ ಅಂತ ಹಾಸ್ಟೆಲ್ಗೆ ಅರ್ಜಿ ಹಾಕಿದ್ದೆ. ಸುಳ್ಯಾಕೆ ಹೇಳ್ಲಿ. ಅಷ್ಟೊತ್ತಿಗೆ ಈ ಕಾಗದ ಬಂತು ನೋಡಿ. ಓದ್ಬಿಟ್ಟು ಮಂಡೀಲೇ ಕೂತ್ಕೊಂಡು ಅತ್ತೆ."

ಅವಳು ಆ ಪದ ಹೇಳಿದಾಗ ಲೋಟ ನನ್ನ ಕೈಯಲ್ಲೇ ನಿಂತಿತು. ಅವಳು ನಗುತ್ತಿದ್ದಳು.

"ನನ್ನ ಹೆಸರು ಯಾರು ಮೇಡಂ ದಿನಾ ನೆನೀತಾರೆ? ನಮ್ಮವ್ವ ಹೋದ್ಮೇಲೆ ಯಾರೂ ಇಲ್ಲ. ಅವತ್ತಿಂದ ದಿನಾ ನಾನೇ ಜಡೆ ಹಾಕ್ತೀನಿ ಇವಳಿಗೆ. ಬೆಳಿಗ್ಗೆ ಏನು ಬೇಕೋ ಕೇಳಿ ತಿಂಡಿ ಮಾಡ್ತೀನಿ."

ಹುಡುಗಿ ಹಿತ್ತಲಿನಲ್ಲಿ ಒಣಹಾಕಿದ ಕೊಬ್ಬರಿಗೆ ಕಾಗೆ ಕಾಯುತ್ತಿದ್ದಳು. ಸಣಕಲು ಕೂಸು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಒಂದು ಸ್ವಲ್ಪ ಓರೆ. ಪಕ್ಕದಲ್ಲಿ ಕೂತೆ. ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನೇರವಾಗಿ ಕೇಳಿದೆ.

"ಸ್ಕೂಲಲ್ಲಿ ದಿನಾ ಅಳ್ತೀಯೇನಮ್ಮ?"

ಅವಳು ನನ್ನ ಮುಖ ನೋಡಿದಳು. ಬೆಚ್ಚಲಿಲ್ಲ.

"ಹೂಂ. ಹಲಗೇಲಿ ಬರೆದಿದ್ನಲ್ಲ."

"ಅದು ಏನು ಹೇಳ್ತಿತ್ತು?"

"ಅತ್ತೆ ಏನ್ ತಿಂಡಿ ಮಾಡಿದ್ರು ಅಂತ ಕೇಳ್ತಿತ್ತು."

"ನಾನು ಹೇಳೋದೇನು, ಇದು ಕೇಳೋದೇನು ಅಂತ ಅನ್ನಿಸ್ಲಿಲ್ವಾ?"

"ಎಲ್ರೂ ಹಂಗೇ ಅಲ್ವಾ ಮಾಡೋದು?" ಎಂದಳು. "ಅಳು ಬರುತ್ತೆ ಅಂದ್ರೆ ಅಪ್ಪ ಫೋನಲ್ಲಿ ಊಟ ಆಯ್ತಾ ಅಂತಾರೆ. ಮಿಸ್ಸು ನೀರು ಕುಡ್ಕೊಂಡು ಬಾ ಹೋಗು ಅಂತಾರೆ. ಮಾತು ಬೇರೆ ಕಡೆ ತಿರುಗಿಸ್ತಾರೆ. ಅದೂ ಹಂಗೇ ತಿರುಗಿಸುತ್ತೆ ಅನ್ಕೊಂಡೆ."

ಅವಳಿಗೆ ಯಾರ ಮೇಲೂ ದೂರಿರಲಿಲ್ಲ. ದೊಡ್ಡವರ ರೀತಿ ಹೀಗೆ ಎಂದು ಒಪ್ಪಿಕೊಂಡುಬಿಟ್ಟಿದ್ದಳು. ಎಂಟು ತಿಂಗಳು ದಿನವೂ ಹೇಳಿ, ದಿನವೂ ಚಿತ್ರಾನ್ನ ಉಪ್ಪಿಟ್ಟಿನ ಲೆಕ್ಕ ಒಪ್ಪಿಸಿ ಮನೆಗೆ ಬಂದಿದ್ದಳು.

"ಅತ್ತೆಗೆ ಹೇಳಬಹುದಿತ್ತಲ್ಲ?"

"ಅವ್ರ ಮುಂದೆ ಅಳಲ್ಲ." ಕಾಗೆಯ ಕಡೆಗೆ ಕೋಲು ಬೀಸಿದಳು. "ನೀವೂ ಹೇಳ್ಬೇಡಿ. ಗೊತ್ತಾದ್ರೆ ಹಾಸ್ಟೆಲ್ಗೆ ಕಳಿಸ್ತಾರೆ. ಮೊದ್ಲು ಕಳಿಸ್ತೀನಿ ಅಂತಿದ್ರು, ಆಮೇಲೆ ಅದ್ಯಾಕೋ ಸುಮ್ನಾದ್ರು. ಈಗ ಜಡೆ ಹಾಕ್ತಾರೆ."

"ಹೇಳಲ್ಲ," ಎಂದೆ. "ಆಣೆ?" ಎಂದಳು. "ಆಣೆ," ಎಂದೆ.

*

ಬಸ್ಸಿನಲ್ಲಿ ಕೂತು ಯೋಚಿಸಿದೆ. ತಪ್ಪನ್ನು ಹಾಗೇ ಬಿಟ್ಟರೆ ಮಗುವಿಗೆ ಮನೆ ಇರುತ್ತದೆ, ಜಡೆ ಇರುತ್ತದೆ, ಅಳುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ತಿದ್ದಿದರೆ ಫರ್ಜಾನಾ ಅವಳನ್ನು ಮಾತಾಡಿಸುತ್ತಾಳೆ, ಓದಿಗೂ ಅಳುವಿಗೂ ದಾರಿ ತೋರಿಸುತ್ತಾಳೆ. ಅತ್ತೆಗೆ ಹೇಳದಿದ್ದರಾಯಿತು. ಈ ಒಂದು ಪದ ಇನ್ನೆಷ್ಟು ಮಕ್ಕಳ ಅಳುವನ್ನು ನುಂಗಿದೆಯೋ ಎಂಬುದೂ ಇತ್ತು. ಸೋಮವಾರ ಬೆಳಿಗ್ಗೆ ಸುಮುಖನ ಪಕ್ಕದಲ್ಲಿ ಕೂತು ನಿಯಮ ಬದಲಿಸಿದೆ: ಬೇರೆ ಸುಳಿವು ಇಲ್ಲದ ಕಡೆ 'ಅತೆ' ಎಂದರೆ ಅಳು. ತಿಂಡಿಯ ಪ್ರಶ್ನೆ ತೆಗೆದು 'ಅಳು ಬಂತಾ? ಯಾಕೆ ಅಂತ ಹೇಳ್ತೀಯಾ?' ಎಂದು ಕೇಳುವ ಹಾಗೆ ಮಾಡಿದೆ.

ಗುಂಡಿ ಒತ್ತಿದೆವು. ದೀಪದ ಗೋಡೆಯಲ್ಲಿ ಎಂಟು ತಿಂಗಳ ಪುಟಗಳನ್ನೆಲ್ಲ ಯಂತ್ರ ಮತ್ತೆ ಓದಿತು. ಹಸಿರಿದ್ದ ಕಡೆ ಕೆಂಪು ಹತ್ತತೊಡಗಿತು. ಪಾವಗಡ, ಸಿರಾ, ಕುಣಿಗಲ್, ಆಚೆ ಹಾಸನ, ಚಿತ್ರದುರ್ಗ. ಸಾವಿರದ ಒಂಬೈನೂರು ದಾಟಿ ನಿಂತಿತು. ಅಷ್ಟೂ ಮಕ್ಕಳಿಗೆ ಯಾವ ಯಾವ ಅತ್ತೆಯರು ಏನೇನು ತಿಂಡಿ ಮಾಡಿದ್ದರೆಂದು ನಾವು ಕೇಳುತ್ತ ಬಂದಿದ್ದೆವು. ಫರ್ಜಾನಾ ಎದ್ದು ನಿಂತಿದ್ದಳು.

"ನಾನು ದಿನಕ್ಕೆ ಆರು ಮಕ್ಕಳನ್ನ ಮಾತಾಡಿಸ್ತೀನಿ ಮೇಡಂ. ಚೆನ್ನಾಗಿ ಮಾತಾಡಿಸೋದಾದ್ರೆ ನಾಲ್ಕು."

"ತಿಪಟೂರಿನ ಹುಡುಗಿ ಮೊದಲು," ಎಂದೆ.

"ಸಾಲು ಯಂತ್ರಾನೇ ಮಾಡುತ್ತೆ. ಅವಳ ಮುಂದೆ ಐನೂರು ಚಿಲ್ಲರೆ ಇದ್ದಾರೆ. ನೋಡಿ, ಈ ಹುಡುಗ ಮೂರು ದಿನದಿಂದ ಊಟಾನೇ ಮಾಡಿಲ್ಲ. ಇವನನ್ನ ಹಿಂದಕ್ಕೆ ಹಾಕ್ಲಾ?"

ಆಗ ಸುಮುಖ ಮೆಲ್ಲಗೆ ಹೇಳಿದ: "ಮೇಡಂ, ಒಪ್ಪೋಲೆಗಳು ಎಲ್ಲರ ಫೋನಿಗೂ ಹೋಗ್ತಿವೆ."

ನಾನು ಮರೆತಿದ್ದೆ. ನಿಜಕ್ಕೂ ಮರೆತಿದ್ದೆ. ಆಪ್ತ ಹಿರಿಯರ ಪತ್ರವೂ ಆ ತಪ್ಪಿನಿಂದಲೇ ಹೋದದ್ದಲ್ಲವೇ!

"ತಡಿ ಸುಮುಖ. ಅದೊಂದನ್ನ ತಡಿ."

"ಯಾರೂ ತಡೆಯೋ ಹಾಗಿರಬಾರ್ದು ಅಂತ ನೀವೇ ಬರೆಸಿದ್ದು," ಎಂದ. ಅವನ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ, ಅವನ ಕಣ್ಣೂ ತುಂಬಿತ್ತು. "ಹೋಗಾಯ್ತು ಮೇಡಂ."

'ತಮ್ಮನ್ನು ಆಪ್ತ ಹಿರಿಯರೆಂದು ಗುರುತಿಸಿದ್ದು ಪದವೊಂದರ ತಪ್ಪು ಓದಿನಿಂದ ಆದದ್ದು. ಮಗುವಿನ ಸಾಲುಗಳಲ್ಲಿ ಅತ್ತೆ ಎಂದಿರುವ ಕಡೆಯಲ್ಲೆಲ್ಲ ಅಳುತ್ತಿದ್ದೆನು ಎಂದು ಓದಿಕೊಳ್ಳತಕ್ಕದ್ದು.' ಈ ಮಾದರಿಯನ್ನೂ ನಾನೇ ಬರೆದಿದ್ದೆ.

ಆ ಮಧ್ಯಾಹ್ನವೇ ತಿಪಟೂರಿಗೆ ಓಡಿದೆ. ಮುಟ್ಟುವಾಗ ಶಾಲೆ ಬಿಟ್ಟಿತ್ತು. ಹೇಮಾವತಿ ಮಂಡಿಯಿಂದ ಅರ್ಧ ದಿನಕ್ಕೇ ಬಂದಿದ್ದಳು. ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ದೇವರ ಪಟದ ಪಕ್ಕದ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

"ಒಂದ್ ಸಲನಾದ್ರೂ ನನ್ ಬಗ್ಗೆ ಬರ್ದಿದ್ಲಾ?" ಎಂದಳು. "ತಿಂಡಿ ವಿಷ್ಯ ಬಿಡಿ, ಅದು ನಿಮ್ಮ ಯಂತ್ರ ಕೇಳಿದ್ದಕ್ಕೆ ಹೇಳಿದ್ದು ಅಂತ ಇವಳೇ ಅಂದ್ಲು. ತಾನಾಗಿ, ಒಂದೇ ಒಂದ್ ಸಲ?"

ಹೌದು ಎಂದಿದ್ದರೆ ಏನಾಗುತ್ತಿತ್ತು? ಒಂದು ಸುಳ್ಳು. ನೂರ ನಲವತ್ತಮೂರರಲ್ಲಿ ಒಂದನ್ನು ತೋರಿಸಿ ಇದು ನೀವೇ ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಲೆಂದೇ ಕೇಳಿದ್ದಳು. ನಾನು ತಲೆ ತಗ್ಗಿಸಿದೆ, ಅವಳಿಗೆ ಅಷ್ಟು ಸಾಕಾಯಿತು.

"ನನ್ ಹತ್ರ ಇದ್ಕೊಂಡು ದಿನಾ ಅತ್ತಿದ್ದಾಳೆ. ನಾನು ಪಟ ಹಾಕಿಸ್ಕೊಂಡು ಊರಿಗೆಲ್ಲ ತೋರಿಸ್ಕೊಂಡು ಓಡಾಡಿದ್ದೀನಿ."

"ನಿಮ್ಮಿಂದ ಅತ್ತಿದ್ದಲ್ಲ ಹೇಮಾವತಿ, ಸ್ಕೂಲಲ್ಲಿ..."

"ಬಿಡಿ ಮೇಡಂ. ನಂಗೆ ಸಾಕೋಕೆ ಬರಲ್ಲ ಅಂತ ಅವತ್ತೇ ಗೊತ್ತಿತ್ತು. ನಿಮ್ ಕಾಗದ ನೋಡಿ ಮೋಸ ಹೋದೆ." ಬಾಗಿಲು ಹಾಕುವ ಮುಂಚೆ ಇನ್ನೊಂದು ಮಾತು ಹೇಳಿದಳು: "ಇಲ್ಲಿದ್ದು ಅಳೋಕಿಂತ ಅಲ್ಲಿ ಹತ್ತು ಮಕ್ಕಳ ಜೊತೆ ಇರ್ಲಿ."

ಹುಡುಗಿ ಅವಳ ಹಿಂದೆ ಗೋಡೆಗೆ ಆತು ನಿಂತಿದ್ದಳು. ನನ್ನನ್ನು ನೋಡಲಿಲ್ಲ.

*

ಪರೀಕ್ಷೆ ಮುಗಿಯುತ್ತಲೇ ಅರ್ಜಿ ಹೋಯಿತು. ಜೂನ್‌ನಲ್ಲಿ ಜ್ಯೋತ್ಸ್ನಾಳನ್ನು ದೂರದ ಒಂದು ವಸತಿ ಶಾಲೆಗೆ ಸೇರಿಸಿದರು. ಫರ್ಜಾನಾಳ ಸಾಲಿನಲ್ಲಿ ಅವಳ ಸರದಿ ಬಂದದ್ದು ಅದಾಗಿ ಒಂಬತ್ತು ದಿನಕ್ಕೆ. ಹಲಗೆಯಲ್ಲೇ ಮಾತಾಡಿಸಲು ನೋಡಿದಳು. ಹುಡುಗಿ 'ಚೆನಾಗಿದೀನಿ' ಎಂದಷ್ಟೇ ಬರೆದು ಮುಚ್ಚಿದಳಂತೆ.

ನಮ್ಮ ಪ್ರಯೋಗಾಲಯಕ್ಕೆ ಹೊಗಳಿಕೆ ಬಂತು. ಕಾಣದ ಅಳುವನ್ನು ಕಂಡುಹಿಡಿದ ನಿಯಮ ಎಂದು ದೊಡ್ಡವರು ಬಂದು ಭಾಷಣ ಮಾಡಿ, ಶಾಲು ಹೊದಿಸಿದರು. ಇನ್ನೂ ಇಬ್ಬರು ಫರ್ಜಾನಾರನ್ನು ಕೊಡಿ ಎಂದು ನಾನು ಕೇಳಿದೆ. ಪರಿಶೀಲಿಸುತ್ತೇವೆ ಎಂದರು.

ದಿನವೂ ಜೋಸನ ಎಂಬ ಹೆಸರಿನ ಪುಟವನ್ನು ತೆರೆದು ನೋಡುತ್ತಿದ್ದೆ. ತಿಂಗಳುಗಟ್ಟಲೆ ಏನೂ ಇಲ್ಲ. 'ಆಟ ಆಡಿದೆವು', 'ಸಾರು ಖಾರ'. ಆಗಸ್ಟ್ ಕೊನೆಯ ವಾರ ಒಂದು ದಿನ ಕೆಂಪು ಹತ್ತಿತು. 'ಇವತು ಅತೆ' ಎಂದು ಬರೆದಿದ್ದಳು. ನನ್ನ ಹೊಸ ನಿಯಮ ಚುರುಕಾಗಿ ಕೆಲಸ ಮಾಡಿ, 'ಅಳು ಬಂತಾ? ಯಾಕೆ ಅಂತ ಹೇಳ್ತೀಯಾ?' ಎಂದು ಕೇಳಿತ್ತು. ಅದಕ್ಕೆ ಅವಳ ಉತ್ತರ ಹೀಗಿತ್ತು:

'ಇಲ. ಅತೆ. ಇವತು ಅತೆ ನೆನಪು ಬಂತು. ಜಡೆ ಹಾಕಕೆ ಅತೆ ಬೇಕು.'

ಮೊದಲ ಸಲ ಅವಳು ಪೂರ್ಣವಿರಾಮ ಇಟ್ಟಿದ್ದಳು, ಯಂತ್ರಕ್ಕೆ ಅರ್ಥವಾಗಲೆಂದು. ಕೆಳಗೆ ಆಲಿಸು ಟಿಪ್ಪಣಿ ಹಾಕಿತ್ತು: ಮಗು ನಾಲ್ಕು ಬಾರಿ ಅತ್ತಿದೆ.

ಆ ಪುಟವನ್ನು ತಿದ್ದದೆ ಹಾಗೇ ಅಚ್ಚು ಹಾಕಿಸಿಕೊಂಡು ತಿಪಟೂರಿಗೆ ಹೋದೆ. ಹೇಮಾವತಿ ಒಳಗೆ ಕರೆದಳು, ಅಷ್ಟರಮಟ್ಟಿಗೆ ಕೋಪ ಇಳಿದಿತ್ತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇಲ್ಲಿ ಅತ್ತೆ ಅಂದ್ರೆ ಯಾವ್ದು?"

"ನೀವೇ. ನಾಲ್ಕೂ ಕಡೆ ನೀವೇ."

ಆ ಪದಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ ಮಡಿಸಿ ನನ್ನ ಕೈಗೇ ವಾಪಸು ಕೊಟ್ಟಳು.

"ಇದಕ್ಕೂ ಆಮೇಲೆ ಒಪ್ಪೋಲೆ ಬರುತ್ತಾ ಮೇಡಂ?"

"ಇಲ್ಲ ಹೇಮಾವತಿ. ನಾನು ಹೇಳ್ತಿದ್ದೀನಲ್ಲ."

"ಅವತ್ತೂ ಮೊಹರು ಒತ್ತಿ ನೀವೇ ಹೇಳಿದ್ದು." ಕಣ್ಣು ಒರೆಸಿಕೊಂಡಳು. "ಇನ್ನೊಂದ್ ಸಲ ಗೋಡೆಗೆ ಹಾಕಿ ಇನ್ನೊಂದ್ ಸಲ ತೆಗೆಯೋಕೆ ನನ್ ಕೈಲಾಗಲ್ಲ. ನೀವು ಇಟ್ಕೊಳ್ಳಿ."

"ಭಾನುವಾರ ಮಕ್ಕಳನ್ನ ನೋಡೋಕೆ ಬಿಡ್ತಾರೆ. ಜೊತೇಲಿ ಹೋಗೋಣ. ಅವಳ ಬಾಯಿಂದಲೇ ಕೇಳಿ."

ಅವಳು ಒಲ್ಲೆನೆಂದು ತಲೆಯಾಡಿಸಿದಳು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಬಂದು ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಚೀಲಕ್ಕೆ ತುರುಕಿದಳು. "ಮಿಠಾಯಿ. ನಾನು ಕೊಟ್ಟೆ ಅಂತ ಹೇಳ್ಬೇಡಿ."

ಭಾನುವಾರ ಒಬ್ಬಳೇ ಹೋದೆ. ವಸತಿ ಶಾಲೆಯ ಗೇಟಿನೊಳಗೆ ಬೇವಿನ ಮರದ ಕೆಳಗೆ ಕಲ್ಲುಬೆಂಚು. ಜ್ಯೋತ್ಸ್ನಾ ಬಂದಳು. ಕೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿದ್ದರು. ಅಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಹಾಗೇ ಅಂತೆ, ಹೇನಿಗೆಂದು.

"ಹೇಳಲ್ಲ ಅಂತ ಆಣೆ ಹಾಕಿದ್ರಿ," ಎಂದಳು.

"ಹೌದಮ್ಮ. ತಪ್ಪಾಯ್ತು."

ಪೊಟ್ಟಣ ಕೊಟ್ಟೆ. ಅವಳು ಬಿಚ್ಚಿದಳು. ಒಂದು ತುಂಡು ಎತ್ತಿ ಮೂಗಿನ ಹತ್ತಿರ ಹಿಡಿದಳು. ಥಟ್ಟನೆ ತಲೆ ಎತ್ತಿ ನನ್ನನ್ನು ದಾಟಿ, ನನ್ನ ಹೆಗಲಿನಾಚೆ, ಗೇಟಿನ ಕಡೆ ನೋಡಿದಳು.

"ಅತ್ತೆ?"

ಯಾವ ಅತ್ತೆ ಎಂದು ತಿಳಿಯಲು ಆಗ ನನಗೆ ಯಾವ ನಿಯಮವೂ ಬೇಕಾಗಲಿಲ್ಲ. ಗೇಟಿನ ಹತ್ತಿರ ಕಾವಲುಗಾರನ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಿಠಾಯಿಯನ್ನು ತಿನ್ನದೆ ಮತ್ತೆ ಪೇಪರಿನಲ್ಲಿ ಸುತ್ತಿ, ಲಂಗದ ಜೇಬಿನಲ್ಲಿಟ್ಟುಕೊಂಡು, "ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ರು ಇಲ್ಲಿ," ಎಂದಳು, ನಾನು ಕೇಳದಿದ್ದರೂ.

ನಾನು ಬಸ್ಸಲ್ಲಿ ಅತ್ತೆ.